ಓರಿನ್‌ನ ಹುಲ್ಲು

ಸೆಪ್ಟೆಂಬರ್ ೩, ಮಂಗಳವಾರ

ಲೇಬರ್ ಡೇ ರಜೆ ಮುಗಿದ ಮರುದಿನ ಊರಿನ ಗಂಡಸರೆಲ್ಲ ಕೆಲಸಕ್ಕೆ ಹೋಗುತ್ತಾರೆ, ನನ್ನ ಗಂಡ ಹುಲ್ಲು ಬಿತ್ತುತ್ತಾನೆ. ಮದುವೆಯಾದ ಲಾಗಾಯ್ತು ಇದೇ ಕಥೆ. ಈ ಹುಲ್ಲುಹಾಸು ನನಗೆ ಸವತಿ. ನನ್ನ ಹುಟ್ಟುಹಬ್ಬ ಮರೆತಾನು, ಅದಕ್ಕೆ ಗೊಬ್ಬರ ಹಾಕುವ ದಿನ ಮರೆಯಲಾರ.

ಈ ಬೇಸಿಗೆಯಲ್ಲಿ ಗೊಣ್ಣೆಹುಳು ಬಿದ್ದು ಮುಂದಿನ ಅಂಗಳದ ಹುಲ್ಲು ಬೇರುಸಮೇತ ಸತ್ತುಹೋಯಿತು. ಮೆಟ್ಟಿಲಿನಿಂದ ಮೇಪಲ್ ಮರದವರೆಗೆ ಬೋಳು ನೆಲ. ಓರಿನ್‌ಗೆ ಅದು ದೊಡ್ಡ ಅವಮಾನ. ಅವನ ತಲೆ ಬೋಳಾಗಿ ಎಷ್ಟೋ ವರ್ಷವಾಯಿತು, ಅದಕ್ಕೆ ಇಷ್ಟು ಬೇಸರಪಟ್ಟವನಲ್ಲ.

ಇವತ್ತು ಬೆಳಗಿನಿಂದ ನೆಲ ಕೆದರಿ ಬೀಜ ಚೆಲ್ಲಿದ. ಗೊಬ್ಬರ ಎರಚುವ ಪುಟ್ಟ ಗಾಡಿಯನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ತಳ್ಳಿದ. ಸುತ್ತ ಕಡ್ಡಿ ನೆಟ್ಟು ದಾರ ಕಟ್ಟಿದ. ಅಂಚೆಯವಳಿಗೂ ಸುತ್ತಿ ಬಳಸಿ ಬರಬೇಕೆಂದು ಅಪ್ಪಣೆಯಾಯಿತು.

ಊಟದ ಹೊತ್ತಿಗೆ ಸೋನ್ಯಾ ಫೋನ್ ಮಾಡಿದಳು. ಊರಿನ ಆ ತುದಿಯಲ್ಲಿದ್ದರೂ ಮಗಳಿಗೆ ಮುಖ ನೋಡಿ ಹೇಳುವ ಧೈರ್ಯವಿಲ್ಲದ ಮಾತುಗಳಿಗೆ ಫೋನೇ ಬೇಕು.

“ಅಮ್ಮಾ, ಕಳೆದ ಬುಧವಾರ ಅಪ್ಪ ಬ್ರಿಟಾನ ಸ್ಕೂಲಿಂದ ಕರ್ಕೊಂಡು ಬರೋವಾಗ ರಸ್ತೆ ಮಧ್ಯೆ ಕಾರು ನಿಲ್ಲಿಸಿಬಿಟ್ಟನಂತೆ. ‘ಮನೆ ಯಾವ ಕಡೆ ಪುಟ್ಟಾ’ ಅಂತ ಅವಳನ್ನೇ ಕೇಳಿದನಂತೆ.”

“ತಮಾಷೆಗೆ ಕೇಳಿರ್ತಾನೆ.”

“ಹಿಂದೆ ಗಾಡಿಗಳೆಲ್ಲ ಹಾರನ್ ಹೊಡೀತಿದ್ವಂತೆ ಅಮ್ಮಾ. ಅವಳು ಅತ್ತುಬಿಟ್ಟಿದಾಳೆ. ಏಳು ವರ್ಷದ ಮಗು.”

ನನಗೆ ರೇಗಿಹೋಯಿತು. “ಬಂದು ಅಂಗಳ ನೋಡು. ತಲೆ ಕೆಟ್ಟವನು ಇಷ್ಟು ನೇರವಾಗಿ ದಾರ ಕಟ್ತಾನಾ? ಈ ಹುಲ್ಲು ಮೇಲೆ ಬರ್ಲಿ, ಆಮೇಲೆ ನಿಮ್ಮಪ್ಪನ ತಲೆ ಬಗ್ಗೆ ಮಾತಾಡು” ಎಂದೆ.

ಕೊನೆಗೆ ಒಂದು ಒಪ್ಪಂದವಾಯಿತು. ಬುಧವಾರಗಳಂದು ಮೊಮ್ಮಗಳನ್ನು ಕರೆತರಲು ಅವನು ಕಾರು ಓಡಿಸಬಹುದು, ಆದರೆ ನಾನು ಪಕ್ಕದಲ್ಲಿ ಕೂತಿರಬೇಕು. ವಾರದಲ್ಲಿ ಅದೊಂದು ದಿನಕ್ಕಾಗಿ ಅವನು ಅಂಗಿ ಇಸ್ತ್ರಿ ಮಾಡಿಸಿಕೊಳ್ಳುತ್ತಾನೆ. ಅದನ್ನೂ ಕಿತ್ತುಕೊಂಡರೆ ಹೇಗೆ?

ಸೆಪ್ಟೆಂಬರ್ ೭, ಶನಿವಾರ

ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಸ್ಪ್ರಿಂಕ್ಲರ್. ಟಿಕ್ ಟಿಕ್ ಟಿಕ್ ಎಂದು ಅದು ತಿರುಗುವುದು ನನ್ನ ಅಡುಗೆಮನೆವರೆಗೂ ಕೇಳುತ್ತದೆ. “ಬೀಜಕ್ಕೆ ಬಾಯಾರ್ಬಾರ್ದು, ಮುಳುಗ್ಲೂಬಾರ್ದು” ಎಂದು ಓರಿನ್ ಹೇಳುತ್ತಾನೆ. ನನಗೆ ಜ್ವರ ಬಂದಾಗ ಒಂದು ಲೋಟ ನೀರು ಕೇಳಿದರೆ ಈ ಶಾಸ್ತ್ರವೆಲ್ಲ ನೆನಪಾಗುವುದಿಲ್ಲ.

ಪಕ್ಕದ ಮನೆಯ ವರ್ಲಿನ್ ಕಾಫಿ ಲೋಟ ಹಿಡಿದು ಬೇಲಿ ಹತ್ತಿರ ಬಂದ. ಹೆಂಡತಿ ಹೋದಮೇಲೆ ಅವನಿಗೆ ನಮ್ಮಿಬ್ಬರ ಜಗಳವೇ ಕಾಲಕ್ಷೇಪ.

“ಏನ್ ಮಾರ್ಲಿಸ್, ಈ ಸಲ ನಿನ್ನ ಸವತಿಗೆ ಬಾಣಂತನ ಜೋರಾಗಿದೆ?”

“ನಿನ್ನ ಮರುಭೂಮಿಗೆ ಒಂಟೆ ಬಂತೇನಯ್ಯಾ?” ಎಂದು ಓರಿನ್ ಅಲ್ಲಿಂದಲೇ ಕೂಗಿದ.

ಈ ಮರುಭೂಮಿಯ ಕಥೆ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಕಳೆಯ ಬೀಜ ಮೊಳೆಯದಂತೆ ತಡೆಯುವ ಹರಳು ಒಂದಿದೆ, ಅದನ್ನು ವಸಂತದಲ್ಲಿ ಮಾತ್ರ ಹಾಕುತ್ತಾರೆ. ಅದಕ್ಕೆ ಕಳೆಯ ಬೀಜ ಯಾವುದು, ಒಳ್ಳೆಯ ಬೀಜ ಯಾವುದು ಎಂಬ ಭೇದವಿಲ್ಲ. ಸಿಕ್ಕಿದ್ದೆಲ್ಲವನ್ನೂ ನೆಲದೊಳಗೇ ಕೊಲ್ಲುತ್ತದೆ. ಒಮ್ಮೆ ವರ್ಲಿನ್ ಶರತ್ಕಾಲದಲ್ಲಿ ಬೀಜ ಬಿತ್ತಿ, ಗೊಬ್ಬರವೆಂದುಕೊಂಡು ಆ ಹರಳನ್ನೇ ಎರಚಿದ. ಹಿಮ ಬೀಳುವವರೆಗೂ ನೀರು ಹಾಕಿದ, ಒಂದು ಎಸಳೂ ಬರಲಿಲ್ಲ. ಅವತ್ತಿನಿಂದ ಓರಿನ್ ಅವನನ್ನು ಆಡಿಸುತ್ತಲೇ ಇದ್ದಾನೆ. ಚರ್ಚಿನ ಊಟದಲ್ಲಿ ಹೊಸಬರು ಸಿಕ್ಕರೆ ಹೆಸರಿಗಿಂತ ಮೊದಲು ಇದನ್ನು ಹೇಳುತ್ತಾನೆ.

ಸೆಪ್ಟೆಂಬರ್ ೧೫, ಭಾನುವಾರ

ವರ್ಲಿನ್‌ನ ಅಂಗಳದಲ್ಲಿ ಹಸಿರು ಕಾಣಿಸುತ್ತಿದೆ. ಬಗ್ಗಿ ನೋಡಿದರೆ ಮಾತ್ರ ಕಾಣುವಷ್ಟು ನಸು ಹಸಿರು. ಇಬ್ಬರೂ ಬಿತ್ತಿದ್ದು ಒಂದೇ ವಾರ.

ನಮ್ಮದರಲ್ಲಿ ಇನ್ನೂ ಇಲ್ಲ. ಮೇಪಲ್ ನೆರಳು ಹೆಚ್ಚು, ಅದಕ್ಕೇ ಇರಬೇಕು. ಓರಿನ್ ಕೂಡ ಹಾಗೇ ಹೇಳಿದ. ಬೆಳಿಗ್ಗೆ ಹೇಳಿದ, ಚರ್ಚಿಗೆ ಹೋಗುವಾಗ ಹೇಳಿದ, ಬರುವಾಗ ಹೊಸದಾಗಿ ಹೊಳೆದವನಂತೆ ಮತ್ತೆ ಹೇಳಿದ.

ಕಳೆದ ಬುಧವಾರ ಶಾಲೆಗೆ ಹೋಗುವ ದಾರಿಯಲ್ಲಿ ನಾನು ಸುಮ್ಮನೆ ಮಾತಾಡುತ್ತ ಹೋದೆ. “ಇಲ್ಲಿ ಎಡಕ್ಕೆ ತಿರುಗಿದ ಕೂಡ್ಲೆ ಬೇಕರಿ ವಾಸನೆ ಬರುತ್ತಲ್ವಾ” ಎಂದೆ. “ಈ ಸಿಗ್ನಲ್ ಕೆಂಪಿಗೆ ಬಂದ್ರೆ ಬೇಗ ಬಿಡೋದೇ ಇಲ್ಲ” ಎಂದೆ. ಅವನು ಸರಿಯಾಗಿ ಓಡಿಸಿದ. ಸೋನ್ಯಾಗೆ ಹಾಗೇ ಹೇಳಿದೆ, ಅದರಲ್ಲಿ ಸುಳ್ಳೇನಿದೆ?

ಸೆಪ್ಟೆಂಬರ್ ೧೯, ಗುರುವಾರ

ಅಂಗಡಿಯಿಂದ ಬರುವಷ್ಟರಲ್ಲಿ ನೀರು ಅಂಗಳ ತುಂಬಿ, ಕಾಲುದಾರಿ ದಾಟಿ, ರಸ್ತೆಯ ಚರಂಡಿಗೆ ಹರಿಯುತ್ತಿತ್ತು. ಮೇಲಿದ್ದ ಒಂದಿಷ್ಟು ಬೀಜ ಒಂದು ಮೂಲೆಗೆ ಕೊಚ್ಚಿಕೊಂಡು ಬಂದು ಕೂತಿತ್ತು. ಓರಿನ್ ಒಳಗೆ ಟಿವಿ ಮುಂದೆ ಇದ್ದ. ನಲ್ಲಿ ನಿಲ್ಲಿಸಲು ವರ್ಲಿನ್ ಓಡಿಬರುತ್ತಿದ್ದ.

“ನಾನೇ ಬಿಟ್ಟು ಹೋಗಿದ್ದೆ, ಮರೆತೇಹೋಯ್ತು” ಎಂದೆ. ಓರಿನ್ ಬಾಗಿಲಿಗೆ ಬಂದು ನಿಂತಿದ್ದ. “ಹುಲ್ಲಿನ ವಿಷಯ ನಿನ್ನ ಕೈಗೆ ಕೊಟ್ರೆ ಆಯ್ತು ಬಿಡು” ಎಂದು ನನ್ನನ್ನೇ ಬೈದ. ಬೈಸಿಕೊಂಡೆ.

ಇನ್ನು ಮೇಲೆ ನೀರು ಹಾಕುವುದು ನನ್ನ ಪಾಲಿಗೆ.

ಸೆಪ್ಟೆಂಬರ್ ೨೪, ಮಂಗಳವಾರ

ಮೊದಲು ಸಣ್ಣ ಹನಿ, ನೆಲ ಕಪ್ಪಾಗುವವರೆಗೆ. ಕಪ್ಪು ಹೊಳೆಯಲು ಶುರುವಾದರೆ ಹೆಚ್ಚಾಯಿತು ಎಂದರ್ಥ. ಬಿಸಿಲು ಮರದಾಚೆ ದಾಟಿದ ಮೇಲೆ ಹಾಕಬಾರದು, ನೆಲ ಒದ್ದೆಯಾಗಿಯೇ ಉಳಿದರೆ ಬೂಜು ಬರುತ್ತದೆ. ಬಿದ್ದ ಎಲೆಗಳನ್ನು ಕುಂಟೆಯಲ್ಲಿ ಎಳೆಯಬಾರದು, ಕೈಯಲ್ಲಿ ಒಂದೊಂದಾಗಿ ಹೆಕ್ಕಬೇಕು. ಹೆಕ್ಕಿದೆ. ಬೆನ್ನು ಮುರಿದುಹೋಯಿತು.

ಒಂದು ಎಸಳೂ ಇಲ್ಲ.

ವರ್ಲಿನ್ ದಾರದ ಆಚೆ ಬಂದು ನಿಂತ. ಬೋಳು ನೆಲವನ್ನು ಬಹಳ ಹೊತ್ತು ನೋಡಿದ. ಬೆರಳಿನಿಂದ ಮಣ್ಣು ಕೆದಕಿ ಅಂಗೈಯಲ್ಲಿ ಇಟ್ಟುಕೊಂಡು ನೋಡಿದ. ಅವನ ಹುಲ್ಲು ಬೆರಳುದ್ದ ಬೆಳೆದಿದೆ, ಆಡಿಸಲು ಇದಕ್ಕಿಂತ ಒಳ್ಳೆ ಸಮಯ ಅವನಿಗೆ ಸಿಗುವುದಿಲ್ಲ. ನಾನು ಉತ್ತರ ಕೂಡ ಸಿದ್ಧ ಮಾಡಿಕೊಂಡಿದ್ದೆ. ಆದರೆ ಅವನು ಮಣ್ಣು ಉದುರಿಸಿ, “ಚಳಿ ಶುರುವಾಯ್ತು ಮಾರ್ಲಿಸ್, ಸ್ವೆಟರ್ ಹಾಕ್ಕೋ” ಎಂದು ಹೇಳಿ ಹೊರಟುಹೋದ.

ಅವನು ನಗದೆ ಹೋದದ್ದು ನನಗೆ ಹಿಡಿಸಲಿಲ್ಲ.

ಸೆಪ್ಟೆಂಬರ್ ೩೦, ಸೋಮವಾರ

ಬುಟ್ಟಿ ಹುಡುಕಲು ಗ್ಯಾರೇಜಿಗೆ ಹೋದೆ. ಅಲ್ಲಿ ಓರಿನ್‌ನ ಕಪಾಟು ಆಸ್ಪತ್ರೆಯ ಔಷಧದ ಕಪಾಟಿಗಿಂತ ಓರಣ. ವಸಂತದ ಚೀಲಗಳು ಮೇಲಿನ ಹಲಗೆಯಲ್ಲಿ, ಅವಕ್ಕೆ ಕೆಂಪು ಪಟ್ಟಿ. ಶರತ್ಕಾಲದವು ಕೆಳಗೆ. ವರ್ಲಿನ್‌ನ ಗತಿ ತನಗೆ ಬರಬಾರದೆಂದು ತಾನೇ ಮಾಡಿಕೊಂಡ ವ್ಯವಸ್ಥೆ.

ಕೆಳಗಿನ ಹಲಗೆಯಲ್ಲಿ ಹೊಸ ಬೀಜಕ್ಕೆ ಹಾಕುವ ಗೊಬ್ಬರದ ಚೀಲ ಇತ್ತು. ಹೊಲಿಗೆ ಬಿಚ್ಚಿರಲಿಲ್ಲ. ಮೇಲಿನ ಹಲಗೆಯಲ್ಲಿ ಕೆಂಪು ಪಟ್ಟಿಯ ಹರಳಿನ ಚೀಲ ಖಾಲಿಯಾಗಿತ್ತು. ಅವನು ಯಾವ ಖಾಲಿ ಚೀಲವನ್ನೂ ಮಡಚದೆ ಇಡುವವನಲ್ಲ. ನಾಲ್ಕು ಮಡಿಕೆ, ಮೂಲೆಗೆ ಮೂಲೆ ಸೇರಿಸಿ, ಚೆನ್ನಾಗಿ ಮಡಚಿ ಇಟ್ಟಿದ್ದ.

ಬಿಚ್ಚಿ ಓದಿದೆ. ಇದನ್ನು ಹಾಕಿದ ನೆಲದಲ್ಲಿ ಬೀಜ ಬಿತ್ತಬೇಡಿ, ಮೊಳೆಯುವುದಿಲ್ಲ ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು.

ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತೆ. ನನಗೆ ಭಯವಾಯಿತು. ಸೋನ್ಯಾ ಹೇಳಿದಾಗ ಆಗಿರಲಿಲ್ಲ, ನೀರು ರಸ್ತೆಗೆ ಹರಿದಾಗಲೂ ಆಗಿರಲಿಲ್ಲ. ದಾರಿ ಯಾರು ಬೇಕಾದರೂ ಮರೆತಾರು, ನಲ್ಲಿಯನ್ನು ನಾನೂ ಮರೆತೇನು. ಆದರೆ ಓರಿನ್ ಈ ಚೀಲವನ್ನು ಆ ಚೀಲವೆಂದುಕೊಳ್ಳುವುದು ಎಂದರೆ ಪಾದ್ರಿ ಬಂದು ಬೈಬಲ್ ಯಾವುದೆಂದು ಕೇಳಿದ ಹಾಗೆ.

ಚೀಲವನ್ನು ಕಸದ ಡಬ್ಬಿಯ ತಳಕ್ಕೆ ತುರುಕಿ ಅದರ ಮೇಲೆ ಕಾಫಿ ಗಸಿ ಸುರಿದೆ. ಹೊರಗೆ ಬಂದರೆ ಕಿಟಕಿಯಲ್ಲಿ ಓರಿನ್ ನಿಂತಿದ್ದ, ಸ್ಪ್ರಿಂಕ್ಲರ್ ಕಡೆ ಕೈ ತೋರಿಸಿದ. ನೀರು ಬಿಟ್ಟೆ.

ಅಕ್ಟೋಬರ್ ೧, ಮಂಗಳವಾರ

ನೀರು ಹಾಕಿದೆ. ಬೆಳಿಗ್ಗೆ, ಮಧ್ಯಾಹ್ನ.

ಅಕ್ಟೋಬರ್ ೬, ಭಾನುವಾರ

ಚರ್ಚಿನ ನೆಲಮಾಳಿಗೆಯಲ್ಲಿ ಪಾತ್ರೆ ತೊಳೆಯುವಾಗ ವರ್ಲಿನ್ ಬಟ್ಟೆ ಹಿಡಿದು ಒರೆಸಲು ನಿಂತ. ಬೇರೆ ಯಾರೂ ಇರಲಿಲ್ಲ.

“ನಿಂಗೆ ಯಾವತ್ತು ಗೊತ್ತಾಯ್ತು?” ಎಂದೆ.

“ಮಣ್ಣು ಕೆದಕಿದೆನಲ್ಲ, ಅವತ್ತು. ಬೀಜ ಹಾಗೇ ಇತ್ತು, ಬಾಯಿ ಬಿಟ್ಟಿರ್ಲಿಲ್ಲ. ನಂಗೆ ಅದರ ಗುರುತು ಇನ್ಯಾರಿಗಿಂತ ಚೆನ್ನಾಗಿದೆ.”

“ಮತ್ತೆ ಯಾಕೆ ಸುಮ್ಮನಿದ್ದೆ? ಇಷ್ಟು ವರ್ಷ ಆಡಿಸಿದಾನೆ ನಿನ್ನ.”

“ನಾನು ಚೀಲ ಓದದೆ ಹಾಕಿದ ಸೋಮಾರಿ, ಅದಕ್ಕೆ ಆಡಿಸ್ದ. ಅವನು ಓದಿ ಹಾಕಿದಾನೆ ಕಣೆ. ಇದಕ್ಕೆ ನಾನು ನಕ್ಕರೆ ನನ್ನ ಬಾಯಿಗೆ ಹುಳ ಬೀಳುತ್ತೆ.”

ಒಂದು ತಟ್ಟೆಯನ್ನು ಅವನು ಎಷ್ಟು ಒರೆಸಿದನೆಂದರೆ ನಾನೇ ಕಿತ್ತುಕೊಳ್ಳಬೇಕಾಯಿತು.

ಅಷ್ಟರಲ್ಲಿ ನನಗೆ ಉಪಾಯ ಹೊಳೆದಿತ್ತು. ಸೋನ್ಯಾ ಹದಿನೈದಕ್ಕೆ ಓರಿನ್‌ನನ್ನು ದೊಡ್ಡ ಡಾಕ್ಟರ ಹತ್ತಿರ ಕರೆದೊಯ್ಯುತ್ತಾಳೆ. ಇಡೀ ದಿನ ಬೇಕು. ಅಷ್ಟರಲ್ಲಿ ಮೇಲಿನ ಮಣ್ಣು ಕೆರೆದು ತೆಗೆದು, ಬೆಳೆದ ಹುಲ್ಲಿನ ಚಾಪೆ ತಂದು ಹಾಸಿಬಿಡಬಹುದು.

“ಚಾಪೆ ಹುಲ್ಲಾ? ಓರಿನ್‌ಗಾ? ರಸ್ತೆಯಿಂದಲೇ ಸಂದು ಗುರುತು ಹಿಡೀತಾನೆ ಮಾರ್ಲಿಸ್. ಅಂಗಡಿ ಕೇಕ್ ತಂದು ಮನೇಲಿ ಮಾಡಿದ್ದು ಅಂದಂಗೆ.”

“ಹಿಡಿದ್ರೆ ಹಿಡೀಲಿ. ಬೈದ್ರೆ ಬೈಲಿ.”

ಬೈಯಲಿ ಎಂದೇ ನನ್ನ ಆಸೆ.

ಅಕ್ಟೋಬರ್ ೧೫, ಮಂಗಳವಾರ

ಚರ್ಚಿನ ಸುಗ್ಗಿ ಊಟಕ್ಕೆ ಅಡುಗೆ ಇದೆ ಎಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದೆ. ಗಂಡನನ್ನು ತಲೆಯ ಡಾಕ್ಟರ ಹತ್ತಿರ ಮಗಳ ಜೊತೆ ಕಳಿಸಿ ನಾನು ಹುಲ್ಲು ಹಾಸಲು ನಿಂತೆ. ಸೋನ್ಯಾ ಕಾರಿನ ಬಾಗಿಲು ಹಾಕುವಾಗ ನನ್ನನ್ನು ನೋಡಿದ ನೋಟ ಮರೆಯಲಾರೆ. ನೋಡಲಿ.

ವರ್ಲಿನ್ ಮಣ್ಣು ಕೆರೆದ, ನಾನು ತಳ್ಳುಗಾಡಿಯಲ್ಲಿ ಹಿತ್ತಿಲಿಗೆ ಸಾಗಿಸಿದೆ. ಸುರುಳಿ ಸುತ್ತಿದ ಹುಲ್ಲು ಲಾರಿಯಲ್ಲಿ ಬಂತು. ಒಂದೊಂದು ಸುರುಳಿಯೂ ಒದ್ದೆ ಕಂಬಳಿಯಷ್ಟು ಭಾರ. ಬಿಚ್ಚಿ, ಅಂಚಿಗೆ ಅಂಚು ಒತ್ತಿ, ಮೊಣಕಾಲಲ್ಲಿ ನಡೆದು ಹಾಸಿದೆವು. ವಯಸ್ಸು ಎಪ್ಪತ್ತಾಯಿತು, ಈ ಅಂಗಳಕ್ಕೆ ನಾನು ಮೊಣಕಾಲೂರಿದ್ದು ಇದೇ ಮೊದಲು. ಕೆಲವು ಕಡೆ ಸಂದು ಬಿಟ್ಟಿತು. ಮಣ್ಣು ತುಂಬಿದೆವು. ನೀರು ಬಿಟ್ಟೆವು. ರಸ್ತೆಗೆ ಹೋಗಿ ನಿಂತು ನೋಡಿದರೆ ಪಟ್ಟೆ ಪಟ್ಟೆ ಎದ್ದು ಕಾಣುತ್ತಿತ್ತು. ಬೀಜದ ಹುಲ್ಲು ಹೀಗಿರುವುದಿಲ್ಲ ಎಂದು ನನಗೇ ಗೊತ್ತು, ಅದು ತೆಳು, ನಸು ಹಸಿರು.

“ಮುಗೀತು, ಬೈಸ್ಕೊಳ್ಳೋಕೆ ರೆಡಿಯಾಗು” ಎಂದ ವರ್ಲಿನ್.

ಸೂರ್ಯ ಇಳಿಯುವ ಹೊತ್ತಿಗೆ ಕಾರು ಬಂತು. ಓರಿನ್ ಇಳಿದು ದಾರದ ಹತ್ತಿರ ನಿಂತ. ಅವನು ಬಗ್ಗಿ ಅಂಗೈಯಿಂದ ಹುಲ್ಲು ಸವರಿದ, ಸರಿಯಾಗಿ ಸಂದಿನ ಮೇಲೆಯೇ.

“ನೋಡಿದ್ಯಾ? ನಾನು ಹೇಳ್ಲಿಲ್ವಾ, ತಡವಾದ್ರೂ ಬಂದೇ ಬರುತ್ತೆ ಅಂತ. ಏಯ್ ವರ್ಲಿನ್! ನಿನ್ನ ಮರುಭೂಮಿ ಥರ ಆಗ್ಲಿಲ್ಲ ನೋಡು!”

ವರ್ಲಿನ್ ಬೇಲಿಯಾಚೆಯಿಂದ, “ಹೌದಪ್ಪಾ, ನಿನ್ನ ಕೈಗುಣ ಯಾರಿಗೆ ಬರುತ್ತೆ” ಎಂದ. ಬೇಗ ಒಳಗೆ ಹೋದ.

ನಾನು ಬಚ್ಚಲಿನಲ್ಲಿ ನಲ್ಲಿ ಜೋರಾಗಿ ಬಿಟ್ಟು ಅತ್ತೆ. ಒಂದು ಸಲ ಬೈಯಬಾರದಿತ್ತೇ?

ಅಕ್ಟೋಬರ್ ೧೬, ಬುಧವಾರ

ಸೋನ್ಯಾ ಎಲ್ಲ ಹೇಳಿದಳು. ಇದು ಯಾವ ತಿಂಗಳು ಎಂದು ಡಾಕ್ಟರು ಕೇಳಿದರಂತೆ. “ಹುಲ್ಲು ಬಿತ್ತೋ ತಿಂಗಳು” ಎಂದನಂತೆ. ಕಾಯಿಲೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಾತ್ರೆ ಇದೆ, ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಕಾರು ಓಡಿಸಕೂಡದು.

“ನೀನೇ ಹೇಳ್ಬೇಕಮ್ಮಾ, ನನ್ನ ಮಾತು ಕೇಳಲ್ಲ.”

ಹೇಳುತ್ತೇನೆ ಎಂದೆ. ಬ್ರಿಟಾಳನ್ನು ಈ ವಾರ ಅವಳೇ ಕರೆತಂದಳು. ಓರಿನ್‌ಗೆ ಶಾಲೆಗೆ ರಜೆ ಎಂದೆ.

ಅಕ್ಟೋಬರ್ ೨೩, ಬುಧವಾರ

ಹೇಳಲಿಲ್ಲ. ಇವತ್ತೂ ರಜೆ ಎಂದೆ. ಇಸ್ತ್ರಿ ಅಂಗಿಯಲ್ಲೇ ಕೂತಿದ್ದ.

ಈ ಸಲ ಮೊದಲ ಬಾರಿಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಬಿಸಿಲು ಬಂದು ಕರಗುವವರೆಗೆ ಹುಲ್ಲು ತುಳಿಯಬಾರದು, ಎಸಳು ಮುರಿಯುತ್ತದೆ. ಎಲೆ ಹೆಕ್ಕಿದೆ. ಚಾಪೆ ಬೇರು ಬಿಡುತ್ತಿದೆ, ಮೂಲೆ ಹಿಡಿದು ಎಳೆದರೆ ಸ್ವಲ್ಪ ತಡೆಯುತ್ತದೆ. ನೆಲ ಗಟ್ಟಿಯಾಗುವ ಮೊದಲು ಹಿಡಿದುಕೊಂಡರೆ ಬದುಕುತ್ತದೆ. ನನ್ನ ಹುಲ್ಲು ಈ ಚಳಿಗಾಲ ದಾಟಬೇಕು.

ಅಕ್ಟೋಬರ್ ೩೦, ಬುಧವಾರ

ಮಧ್ಯಾಹ್ನ ನಾನು ನೀರು ಬಿಡುತ್ತಿದ್ದೆ. ಓರಿನ್ ಟೋಪಿ ಹಾಕಿಕೊಂಡು, ಕೀಲಿ ಕೈ ಹಿಡಿದು ಹೊರಗೆ ಬಂದ.

“ಎಲ್ಲಿಗೆ?”

“ಬುಧವಾರ. ಬ್ರಿಟಾನ ಕರ್ಕೊಂಡು ಬರ್ತೀನಿ. ಸ್ಕೂಲ್ ಬಸ್ಸು ಹೋಗಿದ್ದನ್ನ ಕಿಟಕಿಯಿಂದ ನೋಡ್ದೆ. ರಜೆ ಅಂತೆ ರಜೆ!”

“ಓರಿನ್, ಡಾಕ್ಟರು ಕಾರು ಬೇಡ ಅಂದಿದಾರೆ. ಕೀ ಕೊಡು. ನಾನು ಹೋಗ್ತೀನಿ.”

ಅವನ ಮುಖ ಕೆಂಪೇರಿತು. ನಲವತ್ತೆಂಟು ವರ್ಷದಲ್ಲಿ ನನ್ನ ಮೇಲೆ ಅಷ್ಟು ಸಿಟ್ಟು ಮಾಡಿದವನಲ್ಲ. “ನಂಗೆ ತಲೆ ಕೆಟ್ಟಿದೆ ಅಂತೀರಾ ತಾಯಿ ಮಗಳು? ಅಲ್ಲಿ ನೋಡು! ಬೋಳು ನೆಲದಲ್ಲಿ ಅದನ್ನ ಎಬ್ಬಿಸಿದ್ದು ಯಾರು? ತಲೆ ಕೆಟ್ಟವನು ಅಂಥ ಹುಲ್ಲು ಬೆಳೀತಾನಾ? ಹೇಳು!”

ನನ್ನದೇ ಮಾತು. ಲೇಬರ್ ಡೇ ಮರುದಿನ ಮಗಳಿಗೆ ಹೇಳಿದ್ದು. ನಾನೇ ಹಾಸಿಕೊಟ್ಟ ಸಾಕ್ಷಿಯನ್ನು ಅವನು ನನಗೇ ತೋರಿಸುತ್ತಿದ್ದ. ಅವನ ಕೈ ಕಾರಿನ ಬಾಗಿಲ ಮೇಲಿತ್ತು. ಅವನು ಹೊರಟರೆ ಶಾಲೆಯ ಗೇಟಿನಲ್ಲಿ ಅಜ್ಜನನ್ನು ಕಂಡ ಮಗು ಓಡಿಬಂದು ಹತ್ತುತ್ತದೆ. ಸೋನ್ಯಾ ತಲುಪುವುದು ತಡವಾದರೆ ಮುಗಿಯಿತು.

ಪೈಪು ಕೆಳಗೆ ಹಾಕಿ ದಾರ ದಾಟಿ ಹುಲ್ಲಿನ ಮೇಲೆ ಹೋದೆ. “ಬಾ ಇಲ್ಲಿ” ಎಂದೆ. ಬಂದ. ಮೊಣಕಾಲೂರಿ ಒಂದು ಚಾಪೆಯ ಮೂಲೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಬರಲಿಲ್ಲ. ಮತ್ತೆ ಜೋರಾಗಿ ಎಳೆದೆ. ಹಿಡಿದುಕೊಳ್ಳುತ್ತಿದ್ದ ಬಿಳಿ ಬೇರುಗಳು ಹಳೆ ಬಟ್ಟೆ ಹರಿದಂತೆ ಪರ್ರೆಂದು ಹರಿದವು. ಕೆಳಗೆ ಕರಿ ಮಣ್ಣು ಕಂಡಿತು.

ಓರಿನ್ ನನ್ನ ಪಕ್ಕದಲ್ಲಿ ನಿಧಾನವಾಗಿ ಕೂತ. ಆ ಅಂಚನ್ನು ಬೆರಳಿನಿಂದ ಮುಟ್ಟಿದ. ಸಂದಿನಗುಂಟ ಅವನ ಬೆರಳು ಈ ತುದಿಯಿಂದ ಆ ತುದಿಗೆ ಹೋಯಿತು.

“ಯಾರು ಹಾಸಿದ್ದು?”

“ನಾನು. ವರ್ಲಿನ್ ಸಹಾಯ ಮಾಡ್ದ.”

“ನನ್ನ ಬೀಜ?”

“ಬರ್ಲಿಲ್ಲ. ಕೆಂಪು ಪಟ್ಟಿ ಚೀಲ ಹಾಕಿದ್ದೆ ನೀನು.”

ಅವನು ಗ್ಯಾರೇಜಿನ ಕಡೆ ನೋಡಿದ, ವರ್ಲಿನ್ ಮನೆಯ ಕಡೆ ನೋಡಿದ. ಆ ಒಂದು ಕ್ಷಣ ಅವನಿಗೆ ಎಲ್ಲವೂ ತಿಳಿದಿತ್ತು. ತಿಳಿಸಿದ್ದು ನಾನು, ದೇವರು ನನ್ನನ್ನು ಕ್ಷಮಿಸಲಿ.

“ಸಾಲು ಸಾಲಿನ ಸಂದು ಒಂದೇ ನೇರಕ್ಕೆ ಬಿಟ್ಟಿದೀರಿ” ಎಂದ ಕೊನೆಗೆ. “ಇಟ್ಟಿಗೆ ಕಟ್ಟಿದಂಗೆ ಹಿಂದುಮುಂದು ಮಾಡ್ಬೇಕು. ಅಂಚು ಒಣಗುತ್ತೆ. ಕಿತ್ತ ಕಡೆ ಜಾಸ್ತಿ ನೀರು ಬಿಡು.”

ಬೈದ. ಹದಿನೈದು ದಿನ ತಡವಾಗಿ ಬೈದ. ಆಮೇಲೆ ಕೀಲಿ ಕೈಯನ್ನು ಹುಲ್ಲಿನ ಮೇಲೆ, ನನ್ನ ಮೊಣಕಾಲ ಹತ್ತಿರ ಇಟ್ಟ.

ಶಾಲೆಗೆ ನಾನೇ ಕಾರು ಓಡಿಸಿದೆ. ದಾರಿಯಲ್ಲೇ ಸೋನ್ಯಾಗೆ ಫೋನ್ ಮಾಡಿ, ನಾವೇ ಕರೆತರುತ್ತೇವೆ ಎಂದೆ. ಅವನು ಪಕ್ಕದಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದ. “ಅಜ್ಜೀ, ನೀನ್ಯಾಕೆ ಓಡಿಸ್ತಿದೀಯಾ?” ಎಂದು ಬ್ರಿಟಾ ಕೇಳಿದಳು. “ಅಜ್ಜಿಗೆ ದಾರಿ ಗೊತ್ತು ಪುಟ್ಟಾ” ಎಂದ ಓರಿನ್. ಅಷ್ಟೇ.

ವಾಪಸ್ಸು ಬಂದಾಗ ಮನೆ ಮುಂದೆ ರಸ್ತೆಯೆಲ್ಲ ಒದ್ದೆ. ಪೈಪು ಬಿದ್ದಲ್ಲೇ ಬಿದ್ದಿತ್ತು, ನೀರು ಕಾಲುದಾರಿ ದಾಟಿ ಚರಂಡಿಗೆ ಹರಿಯುತ್ತಿತ್ತು. ಓಡಿಹೋಗಿ ನಲ್ಲಿ ನಿಲ್ಲಿಸಿದೆ.

“ನಾನೇ ಬಿಟ್ಟು ಹೋಗಿದ್ದೆ, ಮರೆತೇಹೋಯ್ತು” ಎಂದೆ.

ಓರಿನ್ ಕಾರಿನ ಬಾಗಿಲು ಹಿಡಿದು ನಿಂತಿದ್ದ. ನನ್ನ ಮುಖವನ್ನೇ ನೋಡುತ್ತ ಕೇಳಿದ:

“ಈ ಸಲ ನಿಜವಾಗ್ಲೂ ನೀನೇನಾ?”

“ನಿಜವಾಗ್ಲೂ ನಾನೇ” ಎಂದೆ.